ಇಪ್ಪತ್ತೆರಡನೇ ಫ್ರೆಟ್

“ಕತ್ತು ತಿರುಚಿಕೊಂಡಿದೆ. ಇವತ್ತಿಗಂತೂ ಸರಿಹೋಗಲ್ಲ,” ಎಂದಳು ಗಿಟಾರ್ ರಿಪೇರಿಯವಳು, ಒಂದು ಕಣ್ಣು ಮುಚ್ಚಿ ನೋಡುತ್ತ.

ಅಣ್ಣ ಗಾಬರಿಯಿಂದ ಗೋಡೆಯ ಗಡಿಯಾರ ನೋಡಿದ. ಎಲೆಕ್ಟ್ರಿಕ್ ಗಿಟಾರ್ ತಂಗಿಯದು. ಹೊಸ ತಂತಿ ಹಾಕಿಸಿ ತರುತ್ತೇನೆಂದು ಜಂಬದಿಂದ ಒಯ್ದು, ಎರಡು ದಿನ ಬಿಸಿಲಲ್ಲಿ ನಿಂತ ಕಾರಿನಲ್ಲೇ ಮರೆತವನು ಇವನು. ಸಂಜೆ ಐದಕ್ಕೆ ಅವಳ ಮೊದಲ ಕಾರ್ಯಕ್ರಮ.

“ನನ್ನ ಗಿಟಾರಿನ ಕತ್ತು ಬಿಚ್ಚಿ ಇದಕ್ಕೆ ಹಾಕಿ,” ಎಂದ. ಅಂಥದ್ದೇ ಅವನದೂ ಅಲ್ಲೇ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು, ತಂತಿಯ ನಾದ ಹಿಡಿಯುವ ಹೊಸ ಪಿಕಪ್‌ಗಾಗಿ ಕಾಯುತ್ತಿತ್ತು.

“ಯಾರಿಗೂ ಮುಟ್ಟೋಕೂ ಬಿಡಲ್ಲ ಅಂತಿದ್ರಿ!”

“ಅವಳಿಗೂ ಬಿಟ್ಟಿಲ್ಲ, ಚಿಕ್ಕೋಳಿದ್ದಾಗಿಂದ.” ಅಣ್ಣ ಕತ್ತಿನ ಮೇಲಿನ ಲೋಹದ ಪಟ್ಟಿಗಳನ್ನು ಬೆರಳಿಟ್ಟು ಎಣಿಸಿದ. “ಆದ್ರೆ ಅವಳದ್ದಕ್ಕೆ ಇಪ್ಪತ್ತೆರಡು ಫ್ರೆಟ್, ನಂದಕ್ಕೆ ಇಪ್ಪತ್ತೊಂದೇ. ಕೂರತ್ತಾ?”

ಅವಳು ಟೇಪು ಹಿಡಿದು ಎರಡನ್ನೂ ತಲೆಯ ಕಡೆಯಿಂದ ಹನ್ನೆರಡನೇ ಫ್ರೆಟ್‌ವರೆಗೆ ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. “ಸ್ವರ ತಪ್ಪಲ್ಲ. ಕೊನೇದು ಕಿಟಕಿ ಸಜ್ಜಾ ಥರ ಸುಮ್ನೆ ಚಾಚಿರೋದು.”

“ಸುಮ್ನೆ ಅಲ್ಲ ರೀ! ಅವಳ ಹಾಡು ಮುಗಿಯೋದೇ ಆ ಇಪ್ಪತ್ತೆರಡರಲ್ಲಿ!”

ಬೇರೆ ದಾರಿ ಇರಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ನಾಲ್ಕು ಬಿಗಿದು ತಂತಿ ಏರಿಸುವಾಗ ಅವಳು ಕೆಣಕಿದಳು. “ನೀವು ನುಡಿಸೋದು ಭಾನುವಾರ ಮಾತ್ರ ಅಂತೀರಿ. ತಿಂಗಳಿಗೊಂದು ಸೆಟ್ ತಂತಿ ಹೇಗ್ರೀ ಹಾಳಾಗತ್ತೆ?”

“ನಮ್ಮನೇಲಿ ತೇವ ಜಾಸ್ತಿ,” ಎಂದ ಅಣ್ಣ.

ಏನಾದರೂ ಬಿಗಿಯಬೇಕಾದೀತೆಂದು ರಿಪೇರಿಯವಳೂ ಸ್ಕ್ರೂಡ್ರೈವರ್ ಹಿಡಿದು ಜೊತೆಗೇ ಬಂದಳು. ವೇದಿಕೆಯ ಹಿಂದೆ ಅಣ್ಣ ಎಲ್ಲವನ್ನೂ ಒಪ್ಪಿಕೊಂಡ. ತಂಗಿಯ ಮುಖ ಕೆಂಪೇರಿತು. ಆಮೇಲೆ ಕತ್ತನ್ನು ಕಂಡು ಕಣ್ಣರಳಿಸಿದಳು.

“ನಿಂದಾ?”

“ಇನ್ಮೇಲೆ ನಿಂದೇ. ಕೈಗೆ ಹೊಸದು, ನಿಧಾನಕ್ಕೆ ನುಡಿಸು. ಕೊನೇ ಸ್ವರ ಬಿಟ್ಬಿಡು.”

ತಂಗಿ ಅಲ್ಲೇ ನಿಂತು, ಕತ್ತಿನ ಕಡೆ ನೋಡದೆಯೇ ಒಮ್ಮೆ ನುಡಿಸಿ ನೋಡತೊಡಗಿದಳು. ಬೆರಳುಗಳು ಎಲ್ಲೂ ತಡವರಿಸಲಿಲ್ಲ. ಕೊನೆಗೆ ಇಪ್ಪತ್ತೊಂದರ ಮೇಲೆ ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆದಳು. ಇಲ್ಲದ ಇಪ್ಪತ್ತೆರಡರ ಸ್ವರ ಖಣೀರೆಂದು ಬಂತು. ಅಣ್ಣನಿಗೆ ಖುಷಿಯಿಂದ ಕಣ್ಣು ತುಂಬಿತು.

“ಎರಡು ನಿಮಿಷದಲ್ಲಿ ಹೇಗೇ ರೂಢಿಯಾಯ್ತು?”

“ಇದರಲ್ಲಿ ಆ ಸ್ವರ ಹೀಗೇ ತಾನೆ ತೆಗಿಯೋದು? ಸ್ಪೀಕರಿಗೆ ವೈರ್ ಹಾಕ್ದಿದ್ರೆ ಪಕ್ಕದ ಕೋಣೆಗೂ ಕೇಳ್ಸಲ್ಲ...” ಎಂದವಳು ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಗಿಟಾರನ್ನು ಎದೆಗವಚಿಕೊಂಡು ಒಂದೇ ಓಟ ಓಡಿದಳು.

ಅಣ್ಣ ಬೆರಳು ಮಡಚಿ, ತಿಂಗಳಿಗೊಂದರಂತೆ ಹಾಳಾದ ತಂತಿಗಳನ್ನು ಲೆಕ್ಕ ಹಾಕತೊಡಗಿದ. ರಿಪೇರಿಯವಳು ನಗು ತಡೆಯಲಾರದೆ ಅವನ ಭುಜ ತಟ್ಟಿದಳು.

“ನೋಡಿ, ನಿಮ್ಮನೆ ತೇವ ವೇದಿಕೆ ಹತ್ತಿತು!”