ವಿಳಾಸ ಕಳೆದುಕೊಂಡ ಪೆಟ್ಟಿಗೆಗಳು

ಕಂಪ್ಯೂಟರು ಮೂರನೇ ಸಲ ನಿಂತಾಗ, ಯಿಜೆನ್ ತಾನೇ ಬರೆದ ಪ್ರೋಗ್ರಾಂನ ಒಂದು ಸಾಲಿನ ಮೇಲೆ ಬೆರಳಿಟ್ಟು ಕುಳಿತುಬಿಟ್ಟಳು. ಅವಳ ಬೆನ್ನ ಹಿಂದೆ, ಕಂಪ್ಯೂಟರು ನೋಡಿಕೊಳ್ಳುವ ವೂ ಅಣ್ಣ, ಕಂಪ್ಯೂಟರು ಹಟ ಮಾಡದಿರಲೆಂದು ಅದರ ನೆತ್ತಿಯ ಮೇಲಿಟ್ಟಿದ್ದ ಹಸಿರು ತಿಂಡಿ ಪೊಟ್ಟಣವನ್ನು ತಿರುಗಿಸಿ ತಾರೀಕು ನೋಡುತ್ತಿದ್ದ. ಈ ಶಿನ್‌ಚು ಊರಿನಲ್ಲಿ ಎಲ್ಲರೂ ಯಂತ್ರಗಳ ಮೇಲೆ ಇಡುವ ಪೊಟ್ಟಣವೇ ಅದು; ಅವಧಿ ಮುಗಿದರೆ ಫಲ ಕೊಡದೆಂಬ ನಂಬಿಕೆ.

“ಇದರ ಅವಧಿ ಮುಗಿದಿಲ್ಲ ಕಣಮ್ಮ. ಮುಗಿದಿರೋದು ನನ್ನ ಕಂಪ್ಯೂಟರಿನದೇ. ಇವತ್ತು ಗುಜರಿಗೆ ಹಾಕ್ತಾರಂತೆ, ಜೊತೆಗೆ ನನ್ನನ್ನೂ ಸಾಗಹಾಕ್ತಾರೆ ಬಿಡು!”

ಯಿಜೆನ್ ಕಣ್ಣಿಗೆ ತಪ್ಪು ಈಗಷ್ಟೇ ಬಿದ್ದಿತ್ತು. ಅಜ್ಜಿಕಥೆಯ ರಾಕ್ಷಸ ಜೀವ ಬಚ್ಚಿಟ್ಟ ಹಾಗೆ, ಅವಳ ಪ್ರೋಗ್ರಾಂ ಮೆಮೊರಿಯಲ್ಲಿ ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಡುತ್ತಿತ್ತು. ಒಳಗಿನವುಗಳ ವಿಳಾಸ ಇರುವುದು ಹೊರಗಿನದರಲ್ಲಿ ಮಾತ್ರ. ಕೆಲಸ ಮುಗಿದಾಗ ಅವಳ ಸಾಲು ಹೊರಗಿನದನ್ನೇ ಮೊದಲು ಅಳಿಸುತ್ತಿತ್ತು. ಒಳಗಿನವು ಯಾರ ಕೈಗೂ ಸಿಗದೆ ಜಾಗ ಹಿಡಿದು ಕೂರುತ್ತಿದ್ದವು. ಜಾಗವೆಲ್ಲ ತುಂಬಿದ ದಿನ ಕಂಪ್ಯೂಟರು ನಿಲ್ಲುತ್ತಿತ್ತು. ಮೊದಲೆರಡು ಸಲ ನಿಂತಾಗ ದೋಷ ಕಂಪ್ಯೂಟರಿನದೇ ಎಂದು ವರದಿ ಬರೆದವಳೂ ಅವಳೇ.

ಸಂಸ್ಥೆಯ ನಿರ್ದೇಶಕಿ ಛೆನ್ ಬಾಗಿಲು ತಳ್ಳಿಕೊಂಡು ಬಂದರು. “ಕಂಪ್ಯೂಟರು ಹೊತ್ತೊಯ್ಯೋಕೆ ಜನ ಬಂದಿದ್ದಾರೆ, ವೂ.”

ಸಾಲನ್ನು ಸದ್ದಿಲ್ಲದೆ ತಿದ್ದಿಬಿಡಬಹುದಿತ್ತು. ಯಿಜೆನ್ ಎದ್ದು ನಿಂತಳು.

“ಬೇಡ ಮೇಡಂ, ಕಂಪ್ಯೂಟರು ಗಟ್ಟಿಯಾಗಿದೆ. ಕೆಟ್ಟಿರೋದು ನಾನು ಬರೆದ ಪ್ರೋಗ್ರಾಂ. ಆ ವರದಿ ನಂಗೆ ವಾಪಸ್ ಕೊಡಿ.”