ಮುಯ್ಯಿಗೆ ಒಂದು ಲಿಂಕು

“ಇನ್ನೂ ಒಂಬತ್ತನೇ ಪುಟದಲ್ಲೇ ಬಿದ್ದೈತಲ್ಲವ್ವಾ!” ಉಮಾಶಂಕರ ಮೌಸನ್ನು ಮೇಜಿಗೆ ಕುಕ್ಕಿದ. ಇಂಟರ್ನೆಟ್ ಹುಡುಕಾಟದಲ್ಲಿ ಅಷ್ಟು ಹಿಂದಿರುವ ತನ್ನ ಹೋಂಸ್ಟೇಯನ್ನು ಯಾವ ಪ್ರವಾಸಿ ಹುಡುಕಿಕೊಂಡು ಬರುತ್ತಾನೆ? “ಬೇರೆ ಸೈಟಿನೋರು ನಿಮ್ಮ ಸೈಟಿಗೆ ಲಿಂಕ್ ಕೊಟ್ರೇನೇ ಮುಂದಕ್ಕೆ ಬರೋದು ಕಣಣ್ಣ,” ಎಂದಳು ಕೋಟೆ ಪಟ್ಟಣದ ಬ್ರೌಸಿಂಗ್ ಸೆಂಟರಿನ ಭಾಗ್ಯ.

“ನಲವತ್ತು ಜನಕ್ಕೆ ನಾನು ಕೊಟ್ಟಿಲ್ವಾ? ಮುಯ್ಯಾಳು ಅಂದ್ರೆ, ಅವರ ನಾಟಿಗೆ ನಾವು ಓಗ್ಬೇಕು, ನಮ್ಮ ನಾಟಿಗೆ ಅವರು ಬರಬೇಕು. ಇವ್ರಿಗೆ ಅಷ್ಟೂ ನಿಯತ್ತಿಲ್ವಾ?”

“ತಾಳಿ, ಯಾರ್ಯಾರು ಕೊಟ್ಟವ್ರೆ ನೋಡಾನ.” ಭಾಗ್ಯ ಕೀಲಿ ಒತ್ತಿದಳು. ಪರದೆಯ ಮೇಲೆ ಒಂದೇ ಒಂದು ಹೆಸರು ಬಂತು: ಅವನ ಊರು ಬೇಗೂರಿನಲ್ಲೇ ಹೋಂಸ್ಟೇ ನಡೆಸುವ ಪಕ್ಕದ ಮನೆಯ ಮಾದೇಶ. ಗದ್ದೆಯ ಬದುವಿನ ಜಗಳವಾಗಿ ಮೂರು ವರ್ಷದಿಂದ ಇಬ್ಬರಿಗೂ ಮಾತಿಲ್ಲ, ಒಬ್ಬರ ನಾಟಿಗೆ ಒಬ್ಬರು ಹೋಗಿಲ್ಲ. ಲಿಂಕ್ ಕೇಳಿ ಮಾದೇಶ ಕಳಿಸಿದ್ದ ಇಮೇಲನ್ನು ಉಮಾಶಂಕರ ಇದೇ ಕುರ್ಚಿಯಲ್ಲಿ ಕೂತು ಅಳಿಸಿಹಾಕಿಸಿದ್ದ.

ಭಾಗ್ಯ ಆ ಪುಟ ತೆರೆದು, ಅಲ್ಲಿದ್ದ ಇಂಗ್ಲಿಷನ್ನು ಓದಿ ಹೇಳಿದಳು: “‘ನಮ್ಮಲ್ಲಿ ರೂಮು ಖಾಲಿ ಇಲ್ದಿದ್ರೆ ಪಕ್ಕದ ಉಮಾಶಂಕರ ಅವರ ಮನೆಗೆ ಓಗಿ. ಅಲ್ಲಿ ಊಟ ನಮ್ಮನೇದಕ್ಕಿಂತ ಚೆನ್ನಾಗಿರ್ತದೆ.’”

“ಇವ್ನಿಗ್ಯಾರು ಇದ್ನ ಆಕು ಅಂದೋರು!” ಎಂದು ಉಮಾಶಂಕರ ರೇಗಿದ. ಪರದೆಯತ್ತ ಬಗ್ಗಿ, “ಆ ನಲವತ್ತು ಲಿಂಕನ್ನೂ ಕಿತ್ತಾಕವ್ವಾ,” ಎಂದ.

“ಆ ಜಾಗಕ್ಕೆ ಏನಾಕ್ಲಣ್ಣ?”

ಉಮಾಶಂಕರ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು, ಒಂದೇ ಬೆರಳಿನಲ್ಲಿ ಮಾದೇಶನ ಹೆಸರಿನ ಮೊದಲಕ್ಷರ ಹುಡುಕತೊಡಗಿದ.