ಇಲ್ಲದ ವಾಸನೆ

ಹಳದಿ ಕಾರು ಮತ್ತೆ ಬಂದು ನಿಂತಿತು. ಗ್ಯಾರೇಜಿನ ಗಾಜಿನ ಕೋಣೆಯಲ್ಲಿ ಕೂತಿದ್ದ ಮೆಕ್ಯಾನಿಕ್‌ನ ಹೆಂಡತಿ ತಟ್ಟನೆ ಎದ್ದಳು. ಹತ್ತಿರ ಬಂದು, ಕಾರಿನ ಬಾಗಿಲು ತೆರೆಯುವಷ್ಟರಲ್ಲಿ ಕರವಸ್ತ್ರವನ್ನು ಮುಖಕ್ಕೆ ಹಿಡಿದಳು. ನಗು ಮುಚ್ಚಿಕೊಳ್ಳುತ್ತಿದ್ದಾಳೆ ಎಂದುಕೊಂಡ ಮೆಕ್ಯಾನಿಕ್.

“ಅದೇ ತೊಂದ್ರೆ. ಸುಟ್ಟ ವಾಸನೆ,” ಎಂದ ಕಾರಿನವನು.

ಅಂಥ ಕಾರನ್ನು ಆ ಬೀದಿ ಕಂಡಿರಲಿಲ್ಲ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಎಂಜಿನ್ ಹಿಂಭಾಗದಲ್ಲಿ. ಅದರ ಒಡೆಯನೂ ಕಾರಿನಂತೆಯೇ ತೆಳ್ಳಗೆ, ಒಪ್ಪವಾಗಿದ್ದ. ಉಗುರಿನ ಸಂದಿಯಲ್ಲಿ ಹುಡುಕಿದರೂ ಕೊಳೆಯಿಲ್ಲ. ಮೆಕ್ಯಾನಿಕ್ ತನ್ನ ಕೈ ನೋಡಿಕೊಂಡ. ಎಷ್ಟು ಸೋಪು ತಿಕ್ಕಿದರೂ ಹೋಗದ ಗ್ರೀಸು.

ಅವನನ್ನು ಎಲ್ಲರೂ ಮೂಗಿನ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಬಾನೆಟ್ ಎತ್ತುವ ಮೊದಲೇ ಗಾಡಿಯ ರೋಗ ಹೇಳಿಬಿಡುತ್ತಿದ್ದ. ಸುಟ್ಟ ಕಾಗದದ ವಾಸನೆಯಾದರೆ ಕ್ಲಚ್. ಸಿಹಿ ಹಬೆಯಾದರೆ ಕೂಲೆಂಟ್ ಸೋರಿಕೆ. ಪ್ಲಾಸ್ಟಿಕ್ ಘಾಟಾದರೆ ವೈರಿಂಗ್. ಈಚೆಗೆ ವಾಸನೆಯೆಂದು ಬರುವ ಗಾಡಿಗಳು ಕಡಿಮೆಯಾಗಿದ್ದವು, ಕೆಲವರು ಪಕ್ಕದ ಬೀದಿಯ ಹೊಸ ಗ್ಯಾರೇಜಿಗೆ ಹೋಗುತ್ತಿದ್ದರು ನಿಜ. ಗಿರಾಕಿಗಳಿಗೆ ಹೊಸದರ ಹುಚ್ಚು, ಅಷ್ಟೇ.

ಈ ಹಳದಿ ಕಾರನ್ನಂತೂ ಬಂದಾಗಲೆಲ್ಲ ಇಂಚಿಂಚೂ ಜಾಲಾಡಿದ್ದ. ಆಯಿಲ್ ಸೋರಿರಲಿಲ್ಲ. ಬ್ರೇಕ್ ಕಚ್ಚಿಕೊಂಡಿರಲಿಲ್ಲ. ಒಂದು ವೈರೂ ಕರಗಿರಲಿಲ್ಲ. ಎಂಜಿನ್ನಿನ ಮೇಲೆ ಬಗ್ಗಿ ಎದೆ ತುಂಬ ಉಸಿರೆಳೆದಿದ್ದ. ವಾಸನೆ ಇರಲಿಲ್ಲ. ಇಲ್ಲವೆಂದರೆ ಇಲ್ಲ.

ಹಾಗಾದರೆ ಈ ಮಹಾರಾಯ ಪದೇ ಪದೇ ಬರುವುದೇಕೆ? ಉತ್ತರ ಕರವಸ್ತ್ರ ಹಿಡಿದು ಪಕ್ಕದಲ್ಲೇ ನಿಂತಿತ್ತು.

ಚಳಿಗಾಲದಲ್ಲಿ ತಾನು ಜ್ವರದಿಂದ ನೆಲ ಹಿಡಿದಾಗ ಹಾಸಿಗೆ ಬಿಟ್ಟು ಕದಲದೆ ಕೂತಿದ್ದವಳು ಇವಳೇ. ಈಗ ನೋಡಿದರೆ ಇವಳ ಅಡುಗೆಯೇ ಸಪ್ಪೆ. ಹಾಗೆಂದು ಬಾಯಿಬಿಟ್ಟು ಹೇಳಿದರೆ, “ಎಲ್ಲಾ ಹಾಕಿದೀನಲ್ಲ ರೀ,” ಎಂದು ಅವನನ್ನೇ ದಿಟ್ಟಿಸುತ್ತಿದ್ದಳು. ಮನಸ್ಸು ಇನ್ನೆಲ್ಲೋ ಇದ್ದರೆ ಕೈಗೆ ರುಚಿ ಎಲ್ಲಿಂದ ಬರಬೇಕು?

“ಏನಾದ್ರೂ ಗೊತ್ತಾಯ್ತಾ?” ಕಾರಿನವನು ಕೇಳಿದ. ಅವನ ಕಣ್ಣು ಎಂಜಿನ್ನಿನ ಮೇಲಿರಲಿಲ್ಲ. ಮೆಕ್ಯಾನಿಕ್‌ನ ಮುಖವನ್ನೇ ಓದುತ್ತಿತ್ತು. ಗಂಡನಿಗೆ ಎಷ್ಟು ಗೊತ್ತಾಗಿದೆಯೆಂದು ಅಳೆಯುವ ನೋಟ.

“ಏನೂ ಇಲ್ಲ ಸಾರ್. ನಿಮಗೆ ಭ್ರಮೆ.”

ಹೆಂಡತಿ ಕಾರಿನ ಎಡಬಾಗಿಲು ತೆರೆದು, ಕೇಳದೆ ಹೇಳದೆ ಸೀಟಿನಲ್ಲಿ ಕೂತಳು. ತನ್ನ ಮನೆಯ ಕುರ್ಚಿಯೇನೋ ಎಂಬಷ್ಟು ಸಲೀಸಾಗಿ. “ನಂಗೂ ಬರ್ತಿದೆ ರೀ. ರಬ್ಬರ್ ಸುಟ್ಟ ಹಾಗೆ.”

ಇಬ್ಬರದೂ ಒಂದೇ ಸುಳ್ಳು. ಇನ್ನೇನು ಸಾಕ್ಷಿ ಬೇಕು? ಎದುರಿನ ಟೈರ್ ಅಂಗಡಿಯವನು ಕಾರು ನೋಡಲು ಬಂದವನು, ಬಾಯಿ ಮೂಗು ಮುಚ್ಚಿಕೊಂಡು ಸರ್ರನೆ ತಿರುಗಿ ಹೋದ. ಅವನ ಹೆಗಲು ಕುಲುಕುತ್ತಿತ್ತು. ಬೀದಿಗೆಲ್ಲ ಗೊತ್ತಾಗಿದೆ, ಕೊನೆಗೆ ತಿಳಿದವನು ತಾನೇ ಎಂದು ಮೆಕ್ಯಾನಿಕ್ ಕುದಿದುಹೋದ.

ಸ್ಪ್ಯಾನರ್ ತರುವ ನೆಪದಲ್ಲಿ ಒಳಗೆ ಹೋಗಿ ಕಂಬದ ಮರೆಯಲ್ಲಿ ನಿಂತ. ಇಂಥ ಕಳ್ಳಕಿವಿ ತನಗೆ ಶೋಭಿಸುವುದಿಲ್ಲವೆಂದು ಗೊತ್ತಿತ್ತು. ಆದರೂ ನಿಂತ.

“ಇವತ್ತು ಹೇಳಿಬಿಡೋಣ,” ಎಂದ ಕಾರಿನವನು, ಮೆಲ್ಲಗೆ. “ಮುಚ್ಚಿಟ್ಟಷ್ಟೂ ಕಷ್ಟ.”

“ಅವರು ತಡ್ಕೊಳ್ಳಲ್ಲ.” ಹೆಂಡತಿಯ ಕಣ್ಣು ತುಂಬಿತ್ತು.

“ಯಾವತ್ತಾದ್ರೂ ಹೇಳ್ಲೇಬೇಕಲ್ಲ.”

ಮೆಕ್ಯಾನಿಕ್ ಹೊರಗೆ ಬಂದ. ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟ. ಹಿಡಿದುಕೊಂಡಿದ್ದರೆ ಏನು ಮಾಡಿಬಿಡುತ್ತಿದ್ದನೋ ಎಂದು ಅವನಿಗೇ ಹೆದರಿಕೆಯಾಗಿತ್ತು.

“ನಾನು ತಡ್ಕೋತೀನಿ,” ಎಂದ. “ಹೋಗೋದಾದ್ರೆ ಇವರ ಜೊತೆ ಹೋಗು. ನಾನು ಅಡ್ಡ ಬರಲ್ಲ. ಆದ್ರೆ ಇಲ್ಲದ ವಾಸನೆ ನೆಪ ಮಾಡ್ಕೊಂಡು, ನನ್ನ ಗ್ಯಾರೇಜಲ್ಲೇ ನನ್ನ ಮುಖಕ್ಕೆ ಮಸಿ ಬಳೀಬೇಡ.”

ಹೆಂಡತಿ ಕಾರಿನಿಂದ ಇಳಿದಳು. ಅವಳ ಕಣ್ಣಲ್ಲಿ ಅವನು ನಿರೀಕ್ಷಿಸಿದ್ದ ತಪ್ಪಿತಸ್ಥ ಭಾವ ಕಾಣಲಿಲ್ಲ, ನೋವು ಕಂಡಿತು. ಅದು ಅವನ ಉರಿಯನ್ನು ಇನ್ನಷ್ಟು ಹೆಚ್ಚಿಸಿತು.

ಕಾರಿನವನು ಸೀಟಿನ ಹಿಂದಿನಿಂದ ಒಂದು ಚೀಲ ಎಳೆದ. ಗಿರಾಕಿಯ ಸ್ವಂತ ಸಾಮಾನು ಮುಟ್ಟಬಾರದೆಂಬುದು ಮೆಕ್ಯಾನಿಕ್ ಪಾಲಿಸಿಕೊಂಡು ಬಂದ ನೇಮ. ಇಡೀ ಕಾರನ್ನು ಜಾಲಾಡಿದವನು ಅದೊಂದನ್ನು ಎಂದೂ ತೆರೆದಿರಲಿಲ್ಲ. ಚೀಲದಲ್ಲಿ ತೂತು ತೂತಿನ ಒಂದು ತಗಡಿನ ಡಬ್ಬಿಯಿತ್ತು. ಮುಚ್ಚಳ ತೆಗೆದರೆ, ಕಪ್ಪಗೆ ಸುಟ್ಟ ರಬ್ಬರ್ ಕೊಳವೆಯ ತುಂಡು. ಅದರಿಂದ ಇನ್ನೂ ಸಣ್ಣಗೆ ಹೊಗೆಯೇಳುತ್ತಿತ್ತು.

ಹೆಂಡತಿ ಮುಖ ತಿರುಗಿಸಿ ಕೆಮ್ಮಿದಳು. ಕಾರಿನವನ ಕಣ್ಣಲ್ಲೂ ನೀರಾಡಿತು.

ಮೆಕ್ಯಾನಿಕ್ ಡಬ್ಬಿಯನ್ನು ಕಸಿದುಕೊಂಡು ಮುಖದ ಹತ್ತಿರ ಹಿಡಿದ. ಎದೆ ತುಂಬ ಉಸಿರೆಳೆದ. ಮತ್ತೊಮ್ಮೆ ಎಳೆದ. ಯಾವ ವಾಸನೆಯೂ ಬರಲಿಲ್ಲ.

“ನಾನು ಮೂಗಿನ ಡಾಕ್ಟರ್,” ಎಂದ ಕಾರಿನವನು. “ಆಸ್ಪತ್ರೆ ಅಂದ್ರೆ ನೀವು ಬರಲ್ಲ ಅಂತ, ನಿಮ್ಮನ್ನ ಪರೀಕ್ಷೆ ಮಾಡೋಕೆ ನಿಮ್ಮ ಮನೆಯವರೇ ನನ್ನನ್ನ ಕಾರು ಸಮೇತ ಇಲ್ಲಿಗೆ ಕರೆಸ್ತಿದ್ರು.”